ಹಳೆಯ ಪಿಕಪ್ಪಿಗೆ ದೊಡ್ಡ ಎಂಜಿನ್: ಗುಜರಿಗೆ ಹೋಗುವ ಮುನ್ನ

ಶುಂಠಿ ಮೂಟೆ ಹೇರಿಕೊಂಡು ಹೊರಟಿದ್ದೀರಿ. ಊರ ಹೊರಗಿನ ಏರು ಬಂತು. ಹೋದ ವರ್ಷ ಮೂರನೆಯ ಗೇರಿನಲ್ಲೇ ಹತ್ತಿದ ಗಾಡಿ ಈ ವರ್ಷ ಎರಡಕ್ಕೆ ಇಳಿಯಿತು, ಅಲ್ಲಿಂದ ಒಂದಕ್ಕೆ. ಹಿಂದೆ ಕರಿಹೊಗೆ, ಮುಂದೆ ಕಾದ ರೇಡಿಯೇಟರಿನ ವಾಸನೆ. ಪಕ್ಕದಲ್ಲಿ ಕೂತ ಭಾವ ಹೇಳುವ ಮಾತು ಒಂದೇ: “ಇದರ ಎಂಜಿನ್ ಮುಗೀತು ಮಾರಾಯ್ರೆ, ದೊಡ್ಡದೊಂದು ಹಾಕ್ಸಿ.” ಗ್ಯಾರೇಜಿನವರು ಬೇಡ ಎನ್ನುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಸಿಗುತ್ತದೆ, ಎರಡು ದಿನದಲ್ಲಿ ಇಳಿಸಿ ಕೂರಿಸುತ್ತೇವೆ ಎನ್ನುತ್ತಾರೆ.

ರೈತ ಬಾಂಧವರೆ, ಹೀಗೆ ನಂಬಿ ಗುಜರಿಗೆ ಹೋದವರಲ್ಲಿ ನಾನೂ ಒಬ್ಬ. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

ನಮ್ಮ ಕಡೆಗೆ ಎಂಜಿನ್ ಬದಲಾಯಿಸುವುದು ಹೊಸ ಚಾಳಿಯಲ್ಲ. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರತೊಡಗಿದ ದಿನಗಳಲ್ಲಿ ಅವು ಪೆಟ್ರೋಲ್ ಗಾಡಿಗಳು. ‘ಹರಿಕೇನ್’ ಎಂಬ 2.2 ಲೀಟರಿನ ಎಂಜಿನ್ ಅನ್ನು ಹಳಬರು ಮರೆತಿರಲಾರರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ಬಿಗಿ ಹಿಡಿದು ಪೆಟ್ರೋಲ್ ಬೆಲೆ ಏರಿದಾಗ, ತೋಟಗಾರರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ಯೋಚನೆಗೆ ಬಿದ್ದರು. 1979ರಲ್ಲಿ ಮಹೀಂದ್ರ ಕಂಪೆನಿಯೇ ಫ್ರಾನ್ಸಿನ ಪ್ಯೂಜೋ ಕಂಪೆನಿಯಿಂದ ಎಕ್ಸ್.ಡಿ.ಪಿ. 4.90 ಎಂಬ ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, ಹೆಸರಿನಲ್ಲೇ ಲೆಕ್ಕವಿದೆ. ಒಟ್ಟು 2112 ಸಿ.ಸಿ., 62 ಅಶ್ವಶಕ್ತಿ. ಆಮೇಲೆ ಬಂದದ್ದು ನಾವು ‘ಡಿ.ಐ.’ ಎಂದು ಕರೆಯುವ 2523 ಸಿ.ಸಿ. ಎಂಜಿನ್. ಹಳೆಯ ಪ್ಯೂಜೋ ಗಾಡಿಗೆ ಈ ಡಿ.ಐ. ಎಂಜಿನ್ ಹಾಕಿಸುವುದೇ ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ‘ದೊಡ್ಡ ಎಂಜಿನ್’ ಮಾತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡದೆನ್ನುವ ಡಿ.ಐ. ಎಂಜಿನ್ನಿನ ಬೋರು 88.9 ಮಿ.ಮೀ., ಅಂದರೆ ಪ್ಯೂಜೋಗಿಂತ ಕೊಂಚ ಚಿಕ್ಕದು. ಹೆಚ್ಚಾಗಿರುವುದು ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ. ಪ್ಯೂಜೋದಲ್ಲಿ 83 ಮಿ.ಮೀ., ಇದರಲ್ಲಿ 101.6. ನಮ್ಮ ಏತದ ಹಾಗೆ ತಿಳಿಯಿರಿ, ತೊಲೆ ಉದ್ದವಾದಷ್ಟೂ ಎಳೆತ ಜಾಸ್ತಿ, ಆದರೆ ನಿಧಾನ. ಪ್ಯೂಜೋ ನಿಮಿಷಕ್ಕೆ 4500 ಸುತ್ತಿನವರೆಗೆ ಓಡಿ ತನ್ನ ಪೂರಾ ಬಲ ಕೊಡುತ್ತದೆ. ಡಿ.ಐ. ಮೂರು ಸಾವಿರದ ಆಸುಪಾಸಿನಲ್ಲೇ ಮುಗಿಸುತ್ತದೆ. ಅಶ್ವಶಕ್ತಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ನೀವು ಹಣ ಕೊಟ್ಟು ತರುವುದು ಹೆಚ್ಚು ಬಲವನ್ನಲ್ಲ, ಕಡಿಮೆ ಓಟದಲ್ಲಿ ಸಿಗುವ ಎಳೆತವನ್ನು.

ಏರು ಹತ್ತಲು ಎಷ್ಟು ಬಲ ಬೇಕು?

ಗಾಡಿ, ಮಾಲು, ಜನ ಎಲ್ಲ ಸೇರಿ 25 ಕ್ವಿಂಟಲ್ ಎನ್ನಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ರಸ್ತೆ. ಇದು ಚೆನ್ನಾದ ಏರೇ. ಗಾಡಿಯನ್ನು ಹಿಂದಕ್ಕೆ ಜಗ್ಗುವ ಭಾರ ಅದರ ತೂಕದ ಹತ್ತನೆಯ ಒಂದು ಪಾಲು, ಅಂದರೆ 250 ಕಿಲೊ. ಟೈರು ಉರುಳುವಾಗಿನ ತಡೆ ಇನ್ನೊಂದು 40 ಕಿಲೊ ಸೇರಿಸಿ. ಗಂಟೆಗೆ 20 ಕಿಲೊಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. 75 ಕಿಲೊ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದು ಒಂದು ಅಶ್ವಶಕ್ತಿ. ಗುಣಿಸಿ ಭಾಗಿಸಿದರೆ 21 ಅಶ್ವಶಕ್ತಿ ಬರುತ್ತದೆ. ಗೇರ್ ಬಾಕ್ಸು, ಹೌಸಿಂಗುಗಳಲ್ಲಿ ಸೋರುವುದನ್ನು ಸೇರಿಸಿದರೂ 25 ದಾಟುವುದಿಲ್ಲ.

ನಿಮ್ಮ ಗಾಡಿ ಕಾರ್ಖಾನೆಯಿಂದ ಬಂದಾಗ 62 ಅಶ್ವಶಕ್ತಿಯದು. ಈಗ 25 ಕೊಡಲೂ ಏದುಸಿರು ಬಿಡುತ್ತಿದೆ ಎಂದಾದರೆ ಎಂಜಿನ್ ಚಿಕ್ಕದಾಯಿತು ಎಂದಲ್ಲ, ಬಲ ಎಲ್ಲೋ ಸೋರುತ್ತಿದೆ ಎಂದು. ಸೋರುವ ಕೊಡಕ್ಕೆ ಬದಲಾಗಿ ಹಂಡೆ ತಂದರೆ ಆಗದು, ತೂತು ಹುಡುಕಬೇಕು.

ಹುಡುಕುವುದಕ್ಕೆ ಗ್ಯಾರೇಜೇ ಬೇಕೆಂದಿಲ್ಲ. ಅಂಗಳದಲ್ಲಿ ನಾಲ್ಕೂ ಚಕ್ರವನ್ನು ಒಂದೊಂದಾಗಿ ಜಾಕಿ ಕೊಟ್ಟು ಎತ್ತಿ, ಗೇರು ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ತಿರುಗಿಸಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡುವುದನ್ನು ಮರೆಯಬೇಡಿ. ಯಾವುದಾದರೂ ಚಕ್ರ ಬಿಗಿಯಾಗಿ ತಿರುಗಿದರೆ ಬ್ರೇಕ್ ಹಿಡಿದುಕೊಂಡೇ ಇದೆ. ಬ್ರೇಕ್ ಹಿಡಿದ ಗಾಡಿಯನ್ನು ಏರಿಸಿ ಎಂಜಿನ್ನನ್ನು ಬಯ್ಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಸಮತಟ್ಟಾದ ಜಾಗದಲ್ಲಿ ಕೈಬ್ರೇಕ್ ಎಳೆದು, ನಾಲ್ಕನೆಯ ಗೇರು ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಿ. ಮುಂದೆ ಯಾರೂ ನಿಂತಿರಬಾರದು. ಎಂಜಿನ್ ಗಕ್ಕನೆ ನಿಂತರೆ ಕ್ಲಚ್ ಸರಿ. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ, ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುತ್ತಲೇ ಇಲ್ಲ.

ಹೊಗೆಯ ಬಣ್ಣವನ್ನೂ ಓದಬಹುದು. ಕರಿಹೊಗೆ ಎಂದರೆ ಡೀಸೆಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ, ಇಲ್ಲವೆ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಮಣ್ಣುರಸ್ತೆಯ ಧೂಳು ಅಲ್ಲಿ ಕೆಸರಾಗಿ ಕೂತಿರುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿಹೊಗೆ ಬಂದು ಬಹಳ ಹೊತ್ತು ತಡವರಿಸಿದರೆ ಕಂಪ್ರೆಷನ್ ಇಳಿದಿದೆ, ಇಲ್ಲವೆ ಹೀಟರ್ ಪ್ಲಗ್ಗುಗಳು ಕೆಟ್ಟಿವೆ. ಎಂಜಿನ್ ಕಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬೀಡಿ ಸೇದಿದ ಹಾಗೆ ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಆಗ ಎಂಜಿನ್ ಇಳಿಸಲೇಬೇಕು. ಆದರೆ ಇಳಿಸಿ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿ, ಪಂಪು ನಾಜಲ್ಲುಗಳನ್ನು ಡೀಸೆಲ್ ಪಂಪಿನ ಅಂಗಡಿಯಲ್ಲಿ ಅಳತೆಗೆ ತಂದರೆ ಅದೇ ಎಂಜಿನ್ ತನ್ನ ಬಲವನ್ನು ಬಹುಮಟ್ಟಿಗೆ ಹಿಂದಕ್ಕೆ ಕೊಡುತ್ತದೆ. ಗುಜರಿಯಿಂದ ತಂದ ದೊಡ್ಡ ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅದಕ್ಕೂ ಈ ಎಲ್ಲ ಕೆಲಸ ಬೀಳಬಹುದು.

ಕೊನೆಯದಾಗಿ ಟೈರು. ಕಾಣಲು ಚೆಂದ ಎಂದು ದೊಡ್ಡ ಟೈರು ಹಾಕಿಸಿದವರಿದ್ದಾರೆ. ಟೈರು ದೊಡ್ಡದಾದಷ್ಟೂ ಎಳೆತ ಕಡಿಮೆ. ಮೊದಲಿನ ಅಳತೆಗೆ ಬಂದರೆ ಅರ್ಧ ಕಾಯಿಲೆ ವಾಸಿ.

ಎಂಜಿನ್ ಒಂದೇ ಬದಲಾಗುವುದಿಲ್ಲ

ಇಷ್ಟೆಲ್ಲ ನೋಡಿಯೂ ದೊಡ್ಡ ಎಂಜಿನ್ನೇ ಬೇಕು ಎನ್ನುವವರಿಗೆ ಮುಂದಿನ ಮಾತು. ಎಂಜಿನ್ನಿನಿಂದ ಟೈರಿನವರೆಗೆ ಒಂದು ಸರಪಳಿ ಇದೆ. ಒಂದು ಕೊಂಡಿ ಬಲವಾದರೆ ಪಕ್ಕದ ಕೊಂಡಿ ಹರಿಯುತ್ತದೆ.

ಹೊಸ ಎಂಜಿನ್ನಿನ ಬೆನ್ನಿಗೂ ಹಳೆಯ ಗೇರ್ ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತುಗಳು ಕೂಡಿಬರುವುದಿಲ್ಲ. ಲೇತಿನ ಅಂಗಡಿಯಲ್ಲಿ ನಡುವೆ ಒಂದು ಪ್ಲೇಟು ಮಾಡಿಸಿ ಕೂಡಿಸುತ್ತಾರೆ. ಆ ಪ್ಲೇಟು ಕೂದಲೆಳೆಯಷ್ಟು ಸರಿದು ಕೂತರೂ ಗೇರ್ ಬಾಕ್ಸಿನ ಮುಂದಿನ ಬೇರಿಂಗು ಮತ್ತು ಕ್ಲಚ್ ಆಗಾಗ ಹೋಗುತ್ತಿರುತ್ತವೆ. ಸಾಧ್ಯವಿದ್ದರೆ ಎಂಜಿನ್ ಬಂದ ಗಾಡಿಯದೇ ಬೆಲ್ ಹೌಸಿಂಗ್, ಕ್ಲಚ್, ಗೇರ್ ಬಾಕ್ಸು ಒಟ್ಟಾಗಿ ಬರಬೇಕು. ಆಗ ಗೇರ್ ಬಾಕ್ಸಿನ ಉದ್ದ ಬದಲಾಗಿ ಪ್ರೊಪೆಲ್ಲರ್ ಶಾಫ್ಟು ಕತ್ತರಿಸಬೇಕು ಅಥವಾ ಉದ್ದ ಮಾಡಬೇಕು. ಬೆಸುಗೆ ಹಾಕಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಿದರೆ ಐವತ್ತು ಕಿಲೊಮೀಟರಿನ ಮೇಲೆ ಗಾಡಿಯೆಲ್ಲ ಜುಂ ಎನ್ನುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಎಂಜಿನ್ನಿನ ಆಯಿಲ್ ತೊಟ್ಟಿಗೂ ಮುಂದಿನ ಹೌಸಿಂಗಿಗೂ ನಡುವೆ ಜಾಗ ಎಷ್ಟಿದೆ ಎಂದು ಅಳೆಯಬೇಕು. ನಿಂತ ಗಾಡಿಯಲ್ಲಿ ಎರಡು ಬೆರಳು ಜಾಗವಿದ್ದರೆ ಸಾಲದು, ಗುಂಡಿಗೆ ಬಿದ್ದಾಗ ಮುಂದಿನ ಆಕ್ಸಲ್ ಮೇಲಕ್ಕೆ ಬರುತ್ತದೆ. ರೇಡಿಯೇಟರೂ ಹೊಸ ಎಂಜಿನ್ನಿಗೆ ತಕ್ಕದ್ದೇ ಇರಬೇಕು. ಹಳೆಯದನ್ನೇ ಉಳಿಸಿಕೊಂಡು ಏರಿನಲ್ಲಿ ನೀರು ಕುದಿಸಿ ಹೆಡ್ ಗ್ಯಾಸ್ಕೆಟ್ ಕಳೆದುಕೊಂಡವರ ಪಟ್ಟಿ ದೊಡ್ಡದು.

ಈಗಿನ ಹೊಸ ಪಿಕಪ್ಪುಗಳ ಕಂಪ್ಯೂಟರ್ ಹಿಡಿತದ ಎಂಜಿನ್ ಹಳೆಯ ಗಾಡಿಗೆ ಹಾಕುವ ಯೋಚನೆಯನ್ನಂತೂ ಬಿಡಿ. ವೈರಿಂಗ್, ಸೆನ್ಸರ್, ಡೀಸೆಲ್ ತೊಟ್ಟಿ ಎಲ್ಲವೂ ಅದರ ಹಿಂದೆಯೇ ಬರಬೇಕು. ಒಂದು ತಂತಿ ಕೈಕೊಟ್ಟರೆ ಹಳ್ಳಿಯಲ್ಲಿ ಕೇಳುವವರಿಲ್ಲ.

ಇನ್ನು ಬಹಳ ಜನ ಎಣಿಸದ ಒಂದು ವಿಷಯ. ಹಳೆಯ ಜೀಪುಗಳ ಹೌಸಿಂಗಿನ ಕ್ರೌನ್ ಪಿನಿಯನ್ ಅನುಪಾತ 5.38. ಅಂದರೆ ಶಾಫ್ಟು ಐದು ಚಿಲ್ಲರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಚಕ್ರದ ಒಂದು ಸುತ್ತಿಗೆ ಗಾಡಿ ಎರಡೂಕಾಲು ಮೀಟರಿಗೆ ಕೊಂಚ ಕಡಿಮೆ ಓಡುತ್ತದೆ. 4500 ಸುತ್ತಿನ ಎಂಜಿನ್ ಟಾಪ್ ಗೇರಿನಲ್ಲಿ ಲೆಕ್ಕಕ್ಕೆ ನೂರು ಕಿಲೊಮೀಟರ್ ದಾಟುತ್ತದೆ. 3000 ಸುತ್ತಿನ ಎಂಜಿನ್ 75ಕ್ಕೆ ನಿಂತುಬಿಡುತ್ತದೆ. ದೊಡ್ಡ ಎಂಜಿನ್ ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ನಿಧಾನವಾಯಿತಲ್ಲ ಎಂದು ಬೆರಗಾಗುವುದು ಇದರಿಂದಲೇ. ಆಗ ಕ್ರೌನ್ ಪಿನಿಯನ್ ಬದಲಾಯಿಸಿ 4.27ರದು ಹಾಕಿಸುತ್ತಾರೆ. ವೇಗ ಬರುತ್ತದೆ, ಆದರೆ ಚಕ್ರಕ್ಕೆ ಮುಟ್ಟುವ ಎಳೆತದಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ. ಎಂಜಿನ್ನಿನಲ್ಲಿ ಗಳಿಸಿದ್ದನ್ನು ಹೌಸಿಂಗಿನಲ್ಲಿ ಕಳೆದಂತಾಯಿತು. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ತಡೆದು ಹಿಡಿಯುವ ಹಿಡಿತವೂ ಅಷ್ಟೇ ಕಡಿಮೆಯಾಗುತ್ತದೆ.

ಇಳಿಜಾರು

ನನ್ನ ಕಥೆ ಶುರುವಾಗುವುದು ಇಲ್ಲಿ. 2006ರಲ್ಲಿ ನಾನೂ ನನ್ನ ಪಿಕಪ್ಪಿಗೆ ಡಿ.ಐ. ಎಂಜಿನ್ ಹಾಕಿಸಿದೆ. ಏರಿನಲ್ಲಿ ಗಾಡಿ ಆನೆಯ ಹಾಗೆ ಹೋಗುತ್ತಿತ್ತು. ಮೂರು ತಿಂಗಳು ಮೀಸೆ ತಿರುವಿಕೊಂಡೇ ಓಡಾಡಿದೆ. ಬ್ರೇಕ್ ಪೆಡಲು ಮೊದಲಿಗಿಂತ ಗಟ್ಟಿಯಾಗಿದೆ ಎಂದು ಅನ್ನಿಸುತ್ತಿತ್ತು. ಲೈನರ್ ಹೊಸದು, ಕೂರಬೇಕು ಎಂದುಕೊಂಡು ಸುಮ್ಮನಾದೆ.

ಕಾರಣ ಆಮೇಲೆ ತಿಳಿಯಿತು. ಬ್ರೇಕ್ ಪೆಡಲಿನ ಮುಂದೆ ದುಂಡನೆಯ ಡಬ್ಬಿಯಂಥ ಬೂಸ್ಟರ್ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಆ ಹೀರುವ ಕೆಲಸ ತಾನಾಗಿಯೇ ಆಗುತ್ತದೆ. ಇಂಥ ಡೀಸೆಲ್ ಎಂಜಿನ್ನಿನಲ್ಲಿ ಅದಕ್ಕೆಂದೇ ಒಂದು ಚಿಕ್ಕ ವ್ಯಾಕ್ಯೂಮ್ ಪಂಪು ಬೇಕು. ನಾವು ಡೈನಮೊ ಎನ್ನುವ ಆಲ್ಟರ್ನೇಟರಿನ ಬೆನ್ನಿಗೇ ಅದನ್ನು ಕೂಡಿಸಿರುವುದು ವಾಡಿಕೆ. ನಾನು ತಂದ ಎಂಜಿನ್ನಿಗೆ ಪಂಪಿಲ್ಲದ ಆಲ್ಟರ್ನೇಟರ್ ಸಿಕ್ಕಿಸಿದ್ದರು. ಬೂಸ್ಟರಿನ ಪೈಪಿನ ಬಾಯಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ ಬಿಗಿದಿದ್ದರು. ಬ್ರೇಕ್ ಹಿಡಿಯುತ್ತಿದ್ದುದು ನನ್ನ ಕಾಲಿನ ಬಲದಿಂದ ಮಾತ್ರ.

ಬಾಳೆಗೊನೆ ತುಂಬಿಕೊಂಡು ಘಟ್ಟ ಇಳಿಯುತ್ತಿದ್ದೆ. ಇಳಿಜಾರಿನ ಲೆಕ್ಕವೂ ಕೇಳಿ. 25 ಕ್ವಿಂಟಲಿನ ಗಾಡಿ 200 ಮೀಟರ್ ಎತ್ತರದಿಂದ ಕೆಳಗಿಳಿದರೆ ಹುಟ್ಟುವ ಶಾಖ ಹದಿನೈದು ಲೀಟರ್ ತಣ್ಣೀರನ್ನು ಕುದಿಯ ಹಂತಕ್ಕೆ ತರುವಷ್ಟು. ಚಿಕ್ಕ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತೆಗೆದುಕೊಳ್ಳುತ್ತದೆ. ಟಾಪ್ ಗೇರಿನಲ್ಲಿ ಬ್ರೇಕ್ ತುಳಿಯುತ್ತ ಇಳಿದರೆ ಹೆಚ್ಚುಕಡಿಮೆ ಅಷ್ಟೂ ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತದೆ. ವೇಗದ ಮಾತೂ ಹಾಗೆಯೇ. 30 ಕಿಲೊಮೀಟರಿನಲ್ಲಿ ಓಡುವ ಗಾಡಿ 45ಕ್ಕೆ ಏರಿದರೆ ವೇಗ ಒಂದೂವರೆ ಪಾಲಾಯಿತು, ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಾಲಾಯಿತು. ಹೊಸ ಕ್ರೌನ್ ಪಿನಿಯನ್ನಿನ ಖುಷಿಯಲ್ಲಿ ನಾನು ಮೂರನೆಯ ಗೇರಿನಲ್ಲೇ ಬಿಟ್ಟಿದ್ದೆ. ನಾಲ್ಕನೆಯ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಬಂತು. ಐದನೆಯದರಲ್ಲಿ ಎರಡೂ ಕಾಲು ಪೆಡಲಿನ ಮೇಲೆ ಹಾಕಿ ನಿಂತರೂ ಗಾಡಿ ನಿಲ್ಲಲಿಲ್ಲ. ಎಡಗಡೆ ಧರೆ ಇತ್ತು, ಬಲಗಡೆ ಪ್ರಪಾತ. ಧರೆಗೆ ಒರೆಸಿ, ಚರಂಡಿಗೆ ಇಳಿಸಿ ನಿಲ್ಲಿಸಿದೆ. ಬಾಳೆಗೊನೆಯ ಮೇಲೆ ಕೂತಿದ್ದ ಆಳಿಗೆ ಕೈ ಮುರಿಯಿತು. ಅವನ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ವಿಮೆಗೆ ಅರ್ಜಿ ಹಾಕಿದೆ. ನೋಡಲು ಬಂದವರು ಆರ್.ಸಿ. ಬುಕ್ಕಿನ ಎಂಜಿನ್ ನಂಬರನ್ನೂ ಗಾಡಿಯ ಮೇಲಿನದನ್ನೂ ಓದಿ ಪುಸ್ತಕ ಮುಚ್ಚಿದರು. ಒಂದು ಪೈಸೆ ಬರಲಿಲ್ಲ. ಅವರನ್ನು ದೂರುವಂತಿಲ್ಲ, ಬರೆಸದೆ ಬಿಟ್ಟವನು ನಾನು.

ಕಾಗದದ ಮಾತು

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆರ್.ಸಿ. ಬುಕ್ ತೆಗೆಯಿರಿ. ಎಂಜಿನ್ ನಂಬರು, ಸಿ.ಸಿ., ಯಾವ ಇಂಧನ ಎಂಬುದು ಅದರಲ್ಲಿ ಬರೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕಿಂತ ಆರ್.ಸಿ.ಯ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎನ್ನುತ್ತದೆ. ಈ ಬಿಗಿ ಬಂದದ್ದು 2000ದ ತಿದ್ದುಪಡಿಯಿಂದ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಗಾಡಿ ಬದಲಾಯಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು.

ಕೆಟ್ಟ ಎಂಜಿನ್ನಿನ ಬದಲು ಅದೇ ತಯಾರಕರ ಅದೇ ಬಗೆಯ ಎಂಜಿನ್ ಹಾಕಿಸಲು ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯಲು ದಾರಿಯಿದೆ. ಬೇರೆ ಬಗೆಯ ದೊಡ್ಡ ಎಂಜಿನ್ನಿಗೆ ಒಪ್ಪಿಗೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಯಾವುದೇ ಆಗಲಿ, ಮೊದಲು ಬರೆದು ಕೇಳಿ, ಲಿಖಿತ ಉತ್ತರ ಬಂದ ಮೇಲೆ ಮುಂಗಡ ಕೊಡಿ. “ಎಲ್ಲ ಆಮೇಲೆ ಬರೆಸಿಕೊಡ್ತೀವಿ” ಎನ್ನುವ ಮಧ್ಯಸ್ಥರ ಮಾತು ನಂಬಿ ಎಂಜಿನ್ ತಂದವರು ಎಫ್.ಸಿ. ದಿನ ಕಚೇರಿಯ ಅಂಗಳದಲ್ಲಿ ಪೆಚ್ಚಾಗಿ ನಿಂತಿರುವುದನ್ನು ನೋಡಬಹುದು. ಸರಕು ಸಾಗಣೆಯ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಎಫ್.ಸಿ. ವರ್ಷವರ್ಷವೂ ಆಗಬೇಕು. ಅಂದಮೇಲೆ ಎಷ್ಟು ದಿನ ಮುಚ್ಚಿಡಲಾದೀತು?

ಅದೇ ಬಗೆಯದನ್ನು ಕೊಳ್ಳುವಾಗಲೂ ಅಂಗಡಿಯ ಬಿಲ್ಲು, ಅದು ಬಂದ ಹಳೆಯ ಗಾಡಿಯ ಕಾಗದ ಕೇಳಿ ಪಡೆಯಿರಿ. ನಂಬರ್ ಉಜ್ಜಿದ, ಮೇಲೆ ಬೇರೆ ನಂಬರ್ ಹೊಡೆದ ಎಂಜಿನ್ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಕದ್ದ ಗಾಡಿಯದಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಹೊಸ ನಂಬರು ಆರ್.ಸಿ.ಗೆ ಏರಿದ ಮೇಲೆ ವಿಮೆಯವರಿಗೂ ಬರೆದು ತಿಳಿಸಿ, ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಿ.

ಇನ್ನೊಂದು ಮಾತು. ಎಂಜಿನ್ ಯಾವುದೇ ಇರಲಿ, ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕ ಹೆಚ್ಚಾಗುವುದಿಲ್ಲ. ಚಾಸಿ, ಸ್ಪ್ರಿಂಗ್ ಬ್ಲೇಡು, ಆಕ್ಸಲ್, ಬ್ರೇಕು ಎಲ್ಲ ಆ ತೂಕಕ್ಕೆಂದೇ ಮಾಡಿದವು. ಎಳೆಯುತ್ತದೆ ಎಂದು ಐದು ಮೂಟೆ ಹೆಚ್ಚು ಹೇರಿದರೆ ಮುರಿಯುವುದು ಅವು.

ನನ್ನ ಹಳೆಯ ಪ್ಯೂಜೋ ಎಂಜಿನ್ನನ್ನು ಪುಣ್ಯಕ್ಕೆ ಮಾರಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಬಿದ್ದಿತ್ತು. ಬೋರಿಂಗ್ ಮಾಡಿಸಿ, ಪಂಪು ನಾಜಲ್ ಸರಿಮಾಡಿಸಿ, ಹಳೆಯ ಕ್ರೌನ್ ಪಿನಿಯನ್ನನ್ನೇ ಮತ್ತೆ ಕೂರಿಸಿದೆ. ಬೂಸ್ಟರಿನ ಪೈಪು ಅದರ ಜಾಗಕ್ಕೆ ಹೋಯಿತು. ಆರ್.ಸಿ. ಬುಕ್ಕಿನ ನಂಬರೂ ಎಂಜಿನ್ನಿನ ನಂಬರೂ ಒಂದಾದವು. ಡಿ.ಐ. ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಹೊಳೆಬದಿಯ ಪಂಪಿಗೆ ಜೋಡಿಸಿದೆ. ಅಲ್ಲಿ ಅದಕ್ಕೆ ಇಳಿಜಾರೂ ಇಲ್ಲ, ಬ್ರೇಕೂ ಬೇಡ. ಕರೆಂಟು ಕೈಕೊಟ್ಟ ಬೇಸಿಗೆಗಳಲ್ಲಿ ಅಡಿಕೆ ತೋಟಕ್ಕೆ ನೀರು ಕೊಟ್ಟದ್ದು ಅದೇ.

ನಿಮ್ಮ ಗಾಡಿಯ ಎಂಜಿನ್ ಇಳಿಸಲೇಬೇಕಾಗಿದ್ದರೆ ಮಳೆಗಾಲದಲ್ಲಿ, ಸಾಗಾಟವಿಲ್ಲದ ದಿನಗಳಲ್ಲಿ ಇಳಿಸಿ. ಕೊಯ್ಲಿನ ಹೊತ್ತಿಗೆ ಲೇತಿನ ಅಂಗಡಿಗೆ ಕೊಟ್ಟರೆ ಅವರು ಹೇಳಿದ ವಾರ ಮೂರು ವಾರವಾಗುತ್ತದೆ, ಮಾಲು ಮನೆಯಲ್ಲೇ ಕೂರುತ್ತದೆ. ಗಾಡಿ ಮರಳಿ ಬಂದ ದಿನ, ಮೂಟೆ ಹೇರುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲನ್ನು ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲು ಕಾಲಿನಡಿಯಲ್ಲಿ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ.